ಕುಚಿಂಗ್‌ಗೆ ಹೊರಟ ಶೈಲಜಾಳಿಗೆ

ಚಿತ್ರದುರ್ಗ

ಚಿ. ಸೌ. ಶೈಲಜಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ಮಲೇಷಿಯಾದ ಸರವಾಕ್ ರಾಜ್ಯದ ಕುಚಿಂಗ್‌ನ ವಿಶ್ವವಿದ್ಯಾಲಯದಲ್ಲಿ ನಿನಗೆ ಕೆಲಸವಾದದ್ದು ತಿಳಿದು ಮನೆಮಂದಿಗೆಲ್ಲ ಸಂತೋಷವಾಗಿದೆ. ನಿಮ್ಮಮ್ಮ ಮಾತ್ರ ಆ ಊರಿನ ಮಳೆಯನ್ನು ನೆನೆದು ಕಳವಳಪಡುತ್ತಿದ್ದಾಳೆ. ನಿನ್ನ ಮಗುವಿಗೆ ಉಬ್ಬಸವಿರುವಾಗ ಅದು ಸಹಜವೇ. ಆದರೆ ನಾನು ಓದಿ ತಿಳಿದ ಮಟ್ಟಿಗೆ, ನೀನು ಹೆಚ್ಚು ಎಚ್ಚರದಿಂದ ಇರಬೇಕಾದದ್ದು ಅಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಲ್ಲ, ಮಳೆ ಹಿಂದೆಗೆದು ಹೊಗೆ ಕವಿಯಬಹುದಾದ ತಿಂಗಳುಗಳಲ್ಲಿ.

ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ನಾವು ತೃಪ್ತರು. ಕುಚಿಂಗ್‌ನಲ್ಲಿ ಸರಾಸರಿ 4,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಜನವರಿ ಒಂದೇ ತಿಂಗಳಲ್ಲಿ ನಮ್ಮ ವರ್ಷದ ಮಳೆಯಷ್ಟು ಬಿದ್ದೀತು. ಭೂಮಧ್ಯರೇಖೆಗೆ ಅಷ್ಟು ಹತ್ತಿರವಿರುವುದರಿಂದ ಬೇಸಿಗೆ, ಚಳಿಗಾಲ ಎಂಬ ಭೇದ ಅಲ್ಲಿಲ್ಲ. ಈಶಾನ್ಯ ಮಾರುತ ಬೀಸುವ ನವೆಂಬರ್‌ನಿಂದ ಫೆಬ್ರವರಿಯವರೆಗೆ, ಎಂದರೆ ನಮ್ಮಲ್ಲಿ ಸುಗ್ಗಿ ನಡೆಯುವ ಕಾಲಕ್ಕೆ, ಅಲ್ಲಿ ಜಡಿಮಳೆ. ನಾವು ಮುಂಗಾರಿಗಾಗಿ ಆಕಾಶ ನೋಡುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಮತ್ತು ಹೊಗೆ ಬರುವುದಾದರೆ ಬಹುಪಾಲು ಆ ಅವಧಿಯ ಕೊನೆಯ ಭಾಗದಲ್ಲಿಯೇ.

ಆ ಹೊಗೆ ಊರಿನದಲ್ಲ. ಗಡಿಯಾಚೆಯ ಇಂಡೋನೇಷಿಯಾದ ಕಲಿಮಂತಾನ್‌ನಲ್ಲಿ ಸಾವಿರಾರು ವರ್ಷಗಳ ಎಲೆ, ಬೇರು, ಕಾಂಡಗಳು ನೀರಿನಲ್ಲಿ ಅರೆಬರೆ ಕೊಳೆತು ಆದ ಜೌಗು ನೆಲವಿದೆ. ನೀರು ತುಂಬಿರುವವರೆಗೆ ಅದು ಸುಡುವುದಿಲ್ಲ. ಕಾಲುವೆ ತೋಡಿ ನೀರನ್ನು ಬಸಿದರೆ ಆ ನೆಲವೇ ಉರುವಲಾಗುತ್ತದೆ. ಬೇಸಾಯಕ್ಕೆ ಕಾಡು ಸುಡುವ ಸಣ್ಣ ರೈತರನ್ನೇ ದೂರುವುದು ನನಗೆ ಸರಿಕಾಣುವುದಿಲ್ಲ. 1990ರ ದಶಕದ ನಡುವೆ ಇಂಡೋನೇಷಿಯಾದ ಅಂದಿನ ಅಧ್ಯಕ್ಷ ಸುಹಾರ್ತೊ ಸರ್ಕಾರವೇ ಭತ್ತ ಬೆಳೆಯುವ ಹೆಸರಿನಲ್ಲಿ ಹತ್ತು ಲಕ್ಷ ಹೆಕ್ಟೇರಿನಷ್ಟು ಜೌಗು ಪ್ರದೇಶಕ್ಕೆ ಕಾಲುವೆಗಳನ್ನು ತೋಡಿಸಿತು. ಭತ್ತ ಬೆಳೆಯಲಿಲ್ಲ, ನೆಲ ಒಣಗಿತು. ನಮ್ಮ ಹೊಲದ ತಿಪ್ಪೆಗೆ ಬಿದ್ದ ಬೆಂಕಿಯಂತೆ ಅಲ್ಲಿ ಹೊತ್ತಿದ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ, ಮತ್ತು ದೊಡ್ಡ ಮಳೆಯೊಂದು ಬಾರದೆ ಪೂರ್ತಿ ಆರುವುದಿಲ್ಲ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋದಿಂದ ಮಳೆ ತಡವಾದ 1997ರಲ್ಲಿ ಕುಚಿಂಗ್‌ನ ವಾಯು ಮಾಲಿನ್ಯ ಸೂಚ್ಯಂಕ 800 ದಾಟಿ, ಸೆಪ್ಟೆಂಬರ್‌ನಲ್ಲಿ ಸರವಾಕ್‌ನಲ್ಲಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. 2015ರಲ್ಲಿಯೂ 2019ರಲ್ಲಿಯೂ ಹೊಗೆ ಕವಿದು ಶಾಲೆಗಳನ್ನು ಮುಚ್ಚಿದರು. ಪ್ರತಿ ವರ್ಷವೂ ಹೀಗಾಗುವುದಿಲ್ಲ. ಎಲ್ ನಿನೋ ಎಂಬ ಸುದ್ದಿ ಬಂದ ವರ್ಷ ಮಾತ್ರ ಮೊದಲೇ ಸಿದ್ಧಳಾಗಿರು.

ಮಲೇಷಿಯಾದ ಪರಿಸರ ಇಲಾಖೆ ಗಂಟೆಗೊಮ್ಮೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಅಲ್ಲಿಯ ಭಾಷೆಯಲ್ಲಿ ಅದನ್ನು ಐಪಿಯು ಎಂದು ಬರೆದಿರುತ್ತಾರೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡು. ನಮ್ಮ ದೇಶದ ಅಳತೆಯಲ್ಲಿ 101ರಿಂದ 200ರವರೆಗಿನ ಗಾಳಿಗೆ ‘ಮಧ್ಯಮ’ ಎನ್ನುತ್ತಾರೆ; ಅವರ ಅಳತೆಯಲ್ಲಿ ಅದೇ ಅಂಕಿಗಳ ನಡುವಿನ ಗಾಳಿ ‘ಅನಾರೋಗ್ಯಕರ’. ಆದ್ದರಿಂದ ಇಲ್ಲಿಯ ರೂಢಿಯಲ್ಲಿ 150 ಎಂದರೆ ಪರವಾಗಿಲ್ಲ ಎಂದುಕೊಂಡು ಮಗುವನ್ನು ಆಟಕ್ಕೆ ಬಿಡಬೇಡ. 100 ದಾಟಿದ ದಿನ ಅವನು ಓಡಾಡಿ ಆಡುವುದು ಒಳಗೇ ಆಗಲಿ.

ಮನೆಯಲ್ಲಿ ಒಂದು ಕೋಣೆಯನ್ನಾದರೂ ಹೊಗೆಯ ದಿನಗಳಿಗೆಂದು ಸಜ್ಜುಮಾಡು. ಕಿಟಕಿಯ ಸಂದುಗಳನ್ನು ಮುಚ್ಚಿ, ಹೊಗೆಯ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಒಂದನ್ನು ಅಲ್ಲಿಡು. ಹೊಗೆ ಕವಿದ ಮೇಲೆ ಅಂಗಡಿಯಲ್ಲಿ ಅದು ಸಿಗುವ ಭರವಸೆಯಿಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಕು ಎಂಬುದನ್ನು ನಂಬಬೇಡ, ಆ ಸೂಕ್ಷ್ಮ ಕಣಗಳು ಅದಕ್ಕೆ ನಿಲ್ಲುವುದಿಲ್ಲ. ಎನ್-95 ಮಾಸ್ಕ್ ನಿನಗೆ ಸರಿ. ಪುಟ್ಟ ಮುಖಕ್ಕೆ ಅದು ಅಂಟಿ ಕೂರುವುದಿಲ್ಲವಾದ್ದರಿಂದ ಮಗುವಿಗೆ ಅದನ್ನೇ ನೆಚ್ಚಿ ಹೊರಗೆ ಕರೆದೊಯ್ಯಬೇಡ. ಮುಚ್ಚಿದ ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಬೇಡ. ಆ ದಿನಗಳಲ್ಲಿ ದೇವರಿಗೆ ಹೂವೇ ಸಾಕು. ಒಗ್ಗರಣೆಯ ಘಾಟೂ ಕಡಿಮೆಯಿರಲಿ.

ಮಳೆಗಾಲದಲ್ಲಿ ಗಾಳಿ ಶುಭ್ರವಾಗಿರುತ್ತದೆ, ಆದರೆ ಮನೆಯೊಳಗೆ ಬೂಷ್ಟು ಹಿಡಿಯುತ್ತದೆ, ಅದೂ ಉಬ್ಬಸವನ್ನು ಕೆರಳಿಸುತ್ತದೆ. ನಮ್ಮ ತಾರಸಿಯ ಮೇಲೆ ಒಂದೇ ಬಿಸಿಲಿಗೆ ಗರಿಗರಿಯಾಗುವ ಹಪ್ಪಳ ಅಲ್ಲಿ ಒಣಗೀತೆಂದು ಎಣಿಸಬೇಡ. ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಅಂತರ ಬಿಡು, ಹಾಸಿಗೆಯನ್ನು ಆಗಾಗ ಎತ್ತಿ ತಳ ನೋಡು, ರಾಗಿಹಿಟ್ಟನ್ನು ಸ್ವಲ್ಪಸ್ವಲ್ಪವೇ ತರಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡು.

ಹೊರಡುವ ಮುನ್ನ ಮಗುವನ್ನು ನೋಡುತ್ತಿರುವ ಡಾಕ್ಟರಿಂದ ನಿತ್ಯದ ಇನ್‌ಹೇಲರ್ ಯಾವುದು, ಉಸಿರು ಕಟ್ಟಿದಾಗ ಕೊಡುವುದು ಯಾವುದು, ಎಷ್ಟು ಸಲ ಕೊಟ್ಟರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಬಿಡಿಸಿ ಬರೆಸಿಕೋ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಔಷಧದ ಮೂಲ ಹೆಸರೇ ಚೀಟಿಯಲ್ಲಿರಲಿ. ಆ ಚೀಟಿ, ಇನ್‌ಹೇಲರ್, ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆ ಮೂರನ್ನೂ ಪೆಟ್ಟಿಗೆಗೆ ಹಾಕದೆ ವಿಮಾನದಲ್ಲಿ ನಿನ್ನ ಕೈಚೀಲದಲ್ಲೇ ಇಟ್ಟುಕೋ.

ಇಂತಿ,
ನಿನ್ನ ದೊಡ್ಡಪ್ಪ