ಕುಡಿತ ಬಿಡಬೇಕು ಅಂತಿರುವವರಿಗೆ

ಕುಡಿತ ಹೇಗೆ ಬಿಡೋದು ಅಂತ ಇಬ್ಬರು ಮೂವರು ಬೇರೆಯಾಗಿ ಮೆಸೇಜ್ ಮಾಡಿ ಕೇಳಿದ್ದಕ್ಕೆ ಈ ಗ್ರೂಪ್‌ನಲ್ಲೇ ಹೇಳುತ್ತಿದ್ದೇನೆ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ದಿಢೀರ್ ಅಂತ ನಿಲ್ಲಿಸಬೇಡಿ. ಕೊನೆಯ ಪೆಗ್ ಕುಡಿದು ಎಂಟು ಹತ್ತು ಗಂಟೆಯಾದ ಮೇಲೆ ಕೈ ನಡುಗುತ್ತದೆ, ಟೀ ಲೋಟ ಹಿಡಿದರೆ ತುಳುಕುತ್ತದೆ, ಬೆವರು, ನಿದ್ದೆ ಇಲ್ಲ, ಕೆಲವರಿಗೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಜೀವಕ್ಕೇ ಅಪಾಯ. ಮನಸ್ಸು ಗಟ್ಟಿ ಇದ್ದರೆ ಸಾಕು ಅನ್ನೋದೆಲ್ಲ ಸುಮ್ನೆ ಮಾತು. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರು ಕೇಳಿದಾಗ ಕಮ್ಮಿ ಹೇಳಬೇಡಿ, ಮಾತ್ರೆ ಕೊಡೋದು ಅದನ್ನು ನೋಡಿಯೇ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಹೋಗಲು ಮುಜುಗರ ಅಂದ್ರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಕುಡಿತ ಬಿಡಿಸುತ್ತದೆ ಅಂತ ಊಟದಲ್ಲಿ ಕುಡಿಯುವವರಿಗೆ ಗೊತ್ತಾಗದಂತೆ ಬೆರೆಸುವ ಪುಡಿಯ ಜಾಹೀರಾತನ್ನು ಇಲ್ಲಿ ಯಾರೂ ಫಾರ್ವರ್ಡ್ ಮಾಡಬೇಡಿ.