ಮರದ ಅಣಬೆ ಕೀಳುವ ಮುಂಚೆ

ಮಂಡ್ಯ

ಚಿ. ಹರ್ಷನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿದೆ. ಕಡಿದ ಮಾವಿನ ಬುಡದಲ್ಲಿ ಬೆಳ್ಳಗೆ ಗೊಂಚಲು. ತಿನ್ನುವ ಚಿಪ್ಪು ಅಣಬೆ (ಆಯ್ಸ್ಟರ್) ಇರಬಹುದು. ಆದರೆ ಮೇಲಿಂದ ತೆಗೆದ ಫೋಟೋ ನೋಡಿ ತಿನ್ನು ಅಂತ ನಾನು ಹೇಳುವುದಿಲ್ಲ ಕಣಪ್ಪ. ಗುರುತೆಲ್ಲ ಇರುವುದು ಅಡಿಯಲ್ಲಿ.

ಮರದ ಮೇಲೆ ಬೆಳೆದದ್ದಕ್ಕೆ ವಿಷ ಇರಲ್ಲ ಅಂತ ಯಾರೋ ಹೇಳಿದರು ಅಂದೆಯಲ್ಲ, ಅದು ಶುದ್ಧ ಸುಳ್ಳು. ಗ್ಯಾಲರೈನಾ ಅನ್ನುವ ಪುಟ್ಟ ಕಂದು ಅಣಬೆ ಕೊಳೆತ ಮರದ ಮೇಲೇ ಬೆಳೆಯುತ್ತದೆ. ಅದರಲ್ಲಿರುವ ಅಮಾಟಾಕ್ಸಿನ್ ಅನ್ನುವ ವಿಷ ಲಿವರನ್ನೇ ಹಾಳು ಮಾಡುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತೆ, ಹುಳ ತಿಂದಿದ್ದರೆ ಒಳ್ಳೇದು, ಇವೂ ಅಂಥವೇ ಮಾತು. ಹುಳದ ಹೊಟ್ಟೆ ಬೇರೆ, ನಮ್ಮದು ಬೇರೆ.

ಚಿಪ್ಪು ಅಣಬೆಗೆ ಕಾಂಡ ನಟ್ಟನಡುವೆ ಇರುವುದು ಕಡಿಮೆ. ಒಂದು ಪಕ್ಕಕ್ಕಿರುತ್ತದೆ, ಕೆಲವಕ್ಕೆ ಇಲ್ಲ ಅನ್ನುವಷ್ಟು ಗಿಡ್ಡ. ತಿರುಗಿಸಿ ನೋಡಿದರೆ ಅಡಿಯ ತೆಳು ಪದರಗಳು ಕಾಂಡದ ಮೇಲೂ ಇಳಿದು ಬಂದಿರುತ್ತವೆ. ಕಾಂಡಕ್ಕೆ ಉಂಗುರ, ಬುಡಕ್ಕೆ ಚೀಲ ಇದ್ದರೆ ಮುಟ್ಟಬೇಡ. ಮರದಿಂದಲೇ ಎದ್ದಿದೆಯೋ, ಪಕ್ಕದ ಮಣ್ಣಿಂದಲೋ, ಕೆದಕಿ ನೋಡು. ಕಿತ್ತಳೆ ಬಣ್ಣದ್ದಾದರೆ ಬಿಟ್ಟುಬಿಡು. ಒಂಫಲೋಟಸ್ ಅಂತ ಒಂದಿದೆ, ಅದೂ ಮರದಲ್ಲೇ ಗೊಂಚಲಾಗಿ ಬರುತ್ತದೆ, ಪದರಗಳೂ ಹೀಗೇ ಇಳಿದಿರುತ್ತವೆ. ತಿಂದರೆ ವಾಂತಿ, ಹೊಟ್ಟೆನೋವು.

ಆಮೇಲೆ ಬೀಜಕಣದ ಅಚ್ಚು ತೆಗಿ, ಅಂದರೆ ಪದರಗಳಿಂದ ಉದುರುವ ನುಣ್ಣನೆ ಪುಡಿಯ ಗುರುತು. ಕಾಂಡ ಕತ್ತರಿಸಿ, ಪದರ ಕೆಳಗಾಗುವಂತೆ ಕಾಗದದ ಮೇಲಿಡು. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಬಟ್ಟಲು ಕವುಚಿ ರಾತ್ರಿಯೆಲ್ಲ ಬಿಡು. ಚಿಪ್ಪು ಅಣಬೆಯದ್ದು ಬಿಳಿ ಇಲ್ಲವೇ ನಸುನೇರಳೆ ಪುಡಿ. ತುಕ್ಕಿನ ಬಣ್ಣ ಬಿದ್ದರೆ ಸೀದಾ ಕಸಕ್ಕೆ. ಬಿಳಿ ಬಿತ್ತು ಅಂತ ಕುಣಿಯಬೇಡ, ಅಮಾನಿಟಾ ಅನ್ನುವ ವಿಷದ ಅಣಬೆಗೂ ಬಿಳಿಯೇ ಬೀಳುತ್ತದೆ. ಎಲ್ಲ ಗುರುತೂ ಕೂಡಿ ಬರಬೇಕು. ಒಂದು ತಪ್ಪಿದರೂ ಬೇಡ.

ಕಣ್ಣು ಪಳಗಲು ಸುಲಭದ ದಾರಿ ಇದೆ. ಭತ್ತದ ಹುಲ್ಲಿನಲ್ಲಿ ಬೆಳೆಸಿದ ಚಿಪ್ಪು ಅಣಬೆ ಅಂಗಡಿಯಲ್ಲಿ ಸಿಗುತ್ತದಲ್ಲ, ಒಂದು ಪ್ಯಾಕೆಟ್ ತಂದು ಅಡಿಮೇಲು ಮಾಡಿ ನೋಡು, ಮೂಸು, ಅಚ್ಚು ತೆಗಿ. ಹೇಗೂ ಸಾರಿಗಾಗುತ್ತದೆ. ಕಾಡಿನದ್ದು ಸಿಕ್ಕಾಗ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗದಲ್ಲೋ, ಇಲ್ಲಿ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲೋ ತೋರಿಸಿ ಕೇಳು. ಹೆದ್ದಾರಿ ಪಕ್ಕದ ಮರದ್ದಂತೂ ಬೇಡವೇ ಬೇಡ, ಅಣಬೆ ಸೀಸದಂಥವನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ.

ಇಷ್ಟಾದ ಮೇಲೂ ಮೊದಲ ಸಲ ಚೆನ್ನಾಗಿ ಬೇಯಿಸಿ ಒಂದೆರಡು ಚಮಚ ಮಾತ್ರ ತಿನ್ನು. ಮಕ್ಕಳಿಗೆ ಕೊಡಬೇಡ. ಹಸಿ ಅಣಬೆ ಒಂದನ್ನು ಫ್ರಿಜ್ಜಿನಲ್ಲಿಡು. ಅಮಾಟಾಕ್ಸಿನ್ ತಿಂದ ತಕ್ಷಣ ಏನೂ ತೋರಿಸುವುದಿಲ್ಲ, 6 ಗಂಟೆಗೂ ಜಾಸ್ತಿ ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತದೆ. ನಡುವೆ ವಾಸಿಯಾದಂತೆ ಅನಿಸಿದರೂ ಒಳಗೆ ಲಿವರ್ ಕೆಡುತ್ತಿರುತ್ತದೆ. ಹಾಗೇನಾದರೂ ಆದರೆ ಮನೆಮದ್ದು ಮಾಡುತ್ತ ಕೂರಬೇಡ, ಆ ಹಸಿ ಅಣಬೆ ತೆಗೆದುಕೊಂಡು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಓಡು.

ನಿನ್ನ,
ದೊಡ್ಡಮ್ಮ