ಮಗಳಿಗೊಂದು ಪತ್ರ: ನಿನ್ನ ನೆಲವೇ ಅವರ ಸೂರು

ಪ್ರೀತಿಯ ಪುಟ್ಟಿ,

ರಾತ್ರಿ ನಿನ್ನ ಮನೆಯಿಂದ ಶಬ್ದ ಬರುತ್ತೆ ಅಂತ ಕೆಳಮನೆಯ ಯಜಮಾನರು ನಿನ್ನ ಬಾಗಿಲಿಗೆ ಅಂಟಿಸಿದ ಚೀಟಿಯ ಫೋಟೊ, ಅದರ ಬೆನ್ನಿಗೇ ಮನೆ ಓನರ್ ಕಳಿಸಿದ ಮೆಸೇಜು, ಎರಡನ್ನೂ ಓದಿದೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಸಿಟ್ಟು ಮಾಡಿಕೊಳ್ಳುತ್ತೀಯ, ನಾನು ಮಧ್ಯೆ ಬಾಯಿ ಹಾಕುತ್ತೇನೆ, ಕೊನೆಗೆ ನಿಮ್ಮಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

"ನನ್ನ ಮನೆಯಲ್ಲಿ ನಾನು ನಡೆದಾಡೋದೂ ತಪ್ಪಾ ಅಪ್ಪಾ?" ಅಂತ ಕೇಳಿದ್ದೀಯ. ತಪ್ಪಲ್ಲ. ನಡೆಯೋದು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋದು, ಫ್ಲಶ್ ಮಾಡೋದು, ಇವಕ್ಕೆಲ್ಲ ಯಾರ ಅಪ್ಪಣೆಯೂ ಬೇಕಿಲ್ಲ. ಬಾಡಿಗೆ ಕೊಡೋದೇ ಅಲ್ಲಿ ಬದುಕೋದಕ್ಕೆ. ಆದರೆ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಆ ಯಜಮಾನರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಿಲ್ಲ. "ರಾತ್ರಿ ಹನ್ನೊಂದರ ಮೇಲೆ ಧಡ್ ಧಡ್ ಅನ್ನುತ್ತೆ, ನಡುನಡುವೆ ಏನನ್ನೋ ಎಳೆದ ಹಾಗೆ ಕೇಳುತ್ತೆ" ಅಂತ ಬರೆದಿದ್ದಾರೆ. ಸುಮ್ನೆ ಕಾಲು ಕೆರೆದು ಜಗಳಕ್ಕೆ ಬರುವವರು ಇಷ್ಟು ಬಿಡಿಸಿ ಬರೆಯುವುದಿಲ್ಲ. ಇವರಿಗೆ ಏನೋ ಕೇಳಿಸುತ್ತಿರುವುದು ನಿಜ. ಅದು ಏನು, ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ತನಕ ನೀನು ಕ್ಷಮೆ ಕೇಳಲೂ ಬೇಡ, ಜಗಳ ಆಡಲೂ ಬೇಡ.

ಕಟ್ಟಡದ ಕೆಲಸದಲ್ಲೇ ತಲೆ ನರೆತವನು ನಾನು, ಗೊತ್ತಲ್ಲ. ಸ್ಲ್ಯಾಬಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕಾಂಕ್ರೀಟ್ ಸ್ಲ್ಯಾಬ್ ತುಂಬಾ ಭಾರ. ಭಾರ ಇರುವುದರಿಂದ ಗಾಳಿಯಲ್ಲಿ ಬರುವ ಶಬ್ದವನ್ನು ಅದು ಚೆನ್ನಾಗಿ ತಡೆಯುತ್ತದೆ. ನಿನ್ನ ಮಾತು, ನಿನ್ನ ಟಿವಿ ಅವರಿಗೆ ಅಷ್ಟಾಗಿ ಕೇಳಿಸುವುದಿಲ್ಲ. ನೆಲಕ್ಕೇ ಪೆಟ್ಟು ಬಿದ್ದರೆ ಮಾತ್ರ ಕಥೆ ಬೇರೆ. ಹಿಮ್ಮಡಿ ಊರಿದಾಗ, ಕುರ್ಚಿ ಎಳೆದಾಗ ಸ್ಲ್ಯಾಬೇ ಅದುರುತ್ತದೆ. ಅದುರಿದ ಸ್ಲ್ಯಾಬ್ ಅವರ ಸೂರು. ಆ ಸೂರೇ ಅವರ ಕೋಣೆಯೊಳಗೆ ಶಬ್ದ ಮಾಡುತ್ತದೆ. ಮೇಲೆ ನಿಂತ ನಿನಗೆ ಅದು ಗೊತ್ತೇ ಆಗುವುದಿಲ್ಲ. ಹೀಗಾಗಿ ಮೇಲಿನವರ ಕಣ್ಣಿಗೆ ಕೆಳಗಿನವರು ಕಿರಿಕಿರಿ ಜನ, ಕೆಳಗಿನವರ ಕಣ್ಣಿಗೆ ಮೇಲಿನವರು ಸೊಕ್ಕಿನ ಜನ. ಎಷ್ಟು ಕಟ್ಟಡ ನೋಡಿದ್ದೇನೋ, ಎಲ್ಲ ಕಡೆ ಇದೇ ಪಾಡು.

ಫೋನಿನಲ್ಲಿ ಶಬ್ದದ ಜೋರು ಅಳೆಯುವ ಡೆಸಿಬಲ್ ಆ್ಯಪ್ ಹಾಕಿ ಅಳೆದೆ, ಮೂವತ್ತೆಂಟು ಬಂತು, ಅದನ್ನೇ ಅವರಿಗೆ ತೋರಿಸುತ್ತೇನೆ ಅಂದೆಯಲ್ಲ, ದಯವಿಟ್ಟು ತೋರಿಸಬೇಡ. ನೀನು ಅಳೆದದ್ದು ನಿನ್ನ ಮನೆಯಲ್ಲಿ. ಅವರ ಹಾಸಿಗೆಯ ಪಕ್ಕದಲ್ಲಿ ಅಲ್ಲ. ಇನ್ನೊಂದು ವಿಷಯ ಇದೆ. ಮನುಷ್ಯರ ಕಿವಿ ತಗ್ಗಿನ ಶಬ್ದಕ್ಕೆ, ಅಂದರೆ ಗುಡುಗಿನಂಥ ದಪ್ಪ ದನಿಯ ಶಬ್ದಕ್ಕೆ, ಮಂದ. ಅದಕ್ಕೆ ಹೊಂದಿಸಿ ಸಾಮಾನ್ಯ ಅಳತೆಯಲ್ಲಿ ತಗ್ಗಿನ ಶಬ್ದವನ್ನು ಬೇಕೆಂದೇ ಕಡಿಮೆ ಮಾಡಿ ತೋರಿಸುತ್ತಾರೆ. 63 ಹರ್ಟ್ಸ್‌ನ ಅಂದರೆ ಸೆಕೆಂಡಿಗೆ 63 ಸಲ ಅದುರುವ ಶಬ್ದವಾದರೆ 26 ಡೆಸಿಬಲ್‌ನಷ್ಟು ಕಳೆದುಬಿಡುತ್ತಾರೆ. ಹಿಮ್ಮಡಿಯ ಪೆಟ್ಟಿನ ಜೋರೆಲ್ಲ ಇರುವುದು ಆ ತಗ್ಗಿನಲ್ಲೇ. ಹಾಗಾಗಿ ಮೀಟರಿನಲ್ಲಿ ಸಣ್ಣ ಅಂಕಿ ಬರುತ್ತದೆ, ಮಲಗಿದವರ ಎದೆಗೆ ಮಾತ್ರ ಧಡ್ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ ಪ್ರಕಾರ ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗೆ 30 ಡೆಸಿಬಲ್ ದಾಟಬಾರದು, ನಡುವೆ ಬರುವ ಒಂದೊಂದು ಶಬ್ದ 45 ದಾಟಬಾರದು. ಡೆಸಿಬಲ್‌ನಲ್ಲಿ 10 ಹೆಚ್ಚಿದರೆ ಶಬ್ದದ ಶಕ್ತಿ 10 ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು, ಹಾಗಾಗಿ ಅಂಕಿಯಲ್ಲಿ ಸಣ್ಣ ವ್ಯತ್ಯಾಸವೂ ಸಣ್ಣದಲ್ಲ. ಆ್ಯಪಿನ ಅಂಕಿ ಹಿಡಿದುಕೊಂಡು ವಾದಕ್ಕೆ ಇಳಿದರೆ ನಾಳೆ ಅವರೂ ಒಂದು ಆ್ಯಪ್ ಹಾಕಿಕೊಳ್ಳುತ್ತಾರೆ, ಅಷ್ಟೇ.

ಇನ್ನು, ಶಬ್ದ ನಿನ್ನ ಮನೆಯದೇ ಅಂತ ಅವರು ಹೇಳಿದ ಮಾತ್ರಕ್ಕೆ ನಂಬಬೇಡ. ಕಾಂಕ್ರೀಟಿನೊಳಗೆ ಶಬ್ದ ಗಾಳಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಓಡುತ್ತದೆ. ಕಾಲಂ ಹಿಡಿದು ಇಳಿಯುತ್ತದೆ, ಗೋಡೆ ಹಿಡಿದು ಪಕ್ಕಕ್ಕೆ ಹೋಗುತ್ತದೆ. ಹಿಂದೆ ಒಂದು ಕಟ್ಟಡದಲ್ಲಿ ಒಬ್ಬರು ಮೇಲ್ಮನೆಯವರ ಮೇಲೆ ದೂರಿನ ಮೇಲೆ ದೂರು ಕೊಡುತ್ತಿದ್ದರು. ರಾತ್ರಿ ಹೊತ್ತು ಗುರ್‌ರ್ ಅನ್ನುತ್ತೆ, ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ ಅಂತ. ನಾವು ಹೋಗಿ ನೋಡಿದರೆ ಮೇಲ್ಮನೆಗೆ ಬೀಗ. ಅವರು ಊರಲ್ಲೇ ಇರಲಿಲ್ಲ. ಗುರ್‌ರ್ ಮಾತ್ರ ಬರುತ್ತಲೇ ಇತ್ತು. ಕೊನೆಗೆ ನಮ್ಮ ಪ್ಲಂಬರ್ ಹುಡುಗ ಗೋಡೆಗೆ ಕಿವಿಯಿಟ್ಟು, ಪೈಪಿನ ದಾರಿ ಹಿಡಿದು ಒಂದೊಂದೇ ಮಹಡಿ ಹತ್ತಿದ. ತಾರಸಿಯ ಪಂಪು ಚಾಲೂ ಆದಾಗಲೆಲ್ಲ ಪೈಪು ನಡುಗುತ್ತಿತ್ತು. ಪೈಪನ್ನು ಕಬ್ಬಿಣದ ಕ್ಲ್ಯಾಂಪ್ ಹಾಕಿ ಸೀದಾ ಸ್ಲ್ಯಾಬಿಗೆ ಬಿಗಿದಿದ್ದರು. ಕ್ಲ್ಯಾಂಪ್ ಸಡಿಲಿಸಿ, ನಡುವೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಕೊಟ್ಟು ಮತ್ತೆ ಬಿಗಿದ. ನಿಂತುಹೋಯಿತು. ದೂರು ಕೊಟ್ಟವರು ಮಾತ್ರ ಮೇಲ್ಮನೆಯವರು ವಾಪಸ್ಸು ಬಂದಾಗ ಮುಖ ಕೊಟ್ಟು ಮಾತಾಡಲಿಲ್ಲ. ಅದು ಬೇರೆ ಕಥೆ.

ಅದಕ್ಕೇ ಹೇಳೋದು, ಒಂದು ಪರೀಕ್ಷೆ ಮಾಡು. ಶನಿವಾರ ಹಗಲು ಹೊತ್ತಿನಲ್ಲಿ ಅವರ ಬಾಗಿಲು ತಟ್ಟು. ರಾತ್ರಿ ಬೇಡ, ಲಿಫ್ಟಿನ ಮುಂದೆ ನಿಂತು ಬೇಡ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. "ಸರ್, ನಿಮ್ಮ ಚೀಟಿ ನೋಡಿದೆ. ಯಾವ ಶಬ್ದ ಅಂತ ನನಗೂ ತಿಳೀಬೇಕು. ನಿಮ್ಮ ಮನೆಯಲ್ಲಿ ಐದು ನಿಮಿಷ ನಿಂತು ಕೇಳಲಾ? ಮೇಲೆ ನನ್ನ ಫ್ರೆಂಡ್ ನಡೀತಾಳೆ" ಅನ್ನು. ಅವಳು ಮೊದಲು ಬರಿಗಾಲಲ್ಲಿ ನಡೆಯಲಿ, ಆಮೇಲೆ ಚಪ್ಪಲಿ ಹಾಕಿಕೊಂಡು. ಕುರ್ಚಿ ಎಳೆಯಲಿ, ಕಪಾಟು ಮುಚ್ಚಲಿ, ವಾಷಿಂಗ್ ಮಷೀನಿನ ಸ್ಪಿನ್ ಹಾಕಲಿ. ಒಂದೊಂದಕ್ಕೂ ಅವರನ್ನೇ ಕೇಳು, "ಇದಾ ಸರ್? ಇದಲ್ವಾ?" ಹಗಲಲ್ಲಿ ಹೊರಗಿನ ಸದ್ದು ಜಾಸ್ತಿ, ಆದ್ದರಿಂದ ಹಗಲಲ್ಲಿ ಸಣ್ಣಗೆ ಕೇಳಿದ್ದು ರಾತ್ರಿ ಜೋರಾಗಿ ಕೇಳುತ್ತದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೋ. ಒಬ್ಬಳೇ ಅವರ ಮನೆಯೊಳಗೆ ಹೋಗೋದು ಸರಿ ಅನ್ನಿಸದಿದ್ದರೆ ಇನ್ನೊಬ್ಬ ಫ್ರೆಂಡನ್ನೂ ಜೊತೆಗೆ ಕರೆದುಕೋ. ಅದರಲ್ಲಿ ನಾಚಿಕೆ ಏನಿಲ್ಲ.

ಏನು ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ಕುರ್ಚಿ, ಮೇಜಿನ ಕಾಲಿಗೆ ಫೆಲ್ಟ್ ಪ್ಯಾಡ್ ಅಂಟಿಸು. ಪೈಸೆ ಖರ್ಚು, ಆದರೆ ಎಳೆದಾಟದ ಶಬ್ದ ಬಹುಪಾಲು ಅಲ್ಲಿಗೇ ಹೋಗುತ್ತದೆ. ಮನೆಯೊಳಗೆ ಮೆತ್ತನೆಯ ಅಡಿಯ ಚಪ್ಪಲಿ ಹಾಕು. ಕಾರ್ಪೆಟ್ ತರುತ್ತೇನೆ ಅಂದೆ, ತಾ. ಆದರೆ ತೆಳ್ಳನೆಯ ಕಾರ್ಪೆಟ್ಟಿನಿಂದ ಟಕ್ ಟಕ್ ಶಬ್ದ ಕಡಿಮೆಯಾಗುತ್ತದೆಯೇ ಹೊರತು ಧಡ್ ಧಡ್ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಾರ್ಪೆಟ್ಟಿಗಿಂತ ಅದರ ಕೆಳಗಿನ ದಪ್ಪ ರಬ್ಬರ್ ಮ್ಯಾಟಿಗೆ ದುಡ್ಡು ಹಾಕು. ಇಡೀ ಮನೆಗೆ ಬೇಡ, ನೀನು ಹೆಚ್ಚು ಓಡಾಡುವ ದಾರಿಗೆ ಸಾಕು.

ವಾಷಿಂಗ್ ಮಷೀನ್ ಬಗ್ಗೆ ನನಗೆ ಜಾಸ್ತಿ ಅನುಮಾನ. ನಿಮಿಷಕ್ಕೆ 1200 ಸುತ್ತು ಅಂದರೆ ಸೆಕೆಂಡಿಗೆ 20 ಸಲ ನಡುಗು. ಇಷ್ಟು ತಗ್ಗಿನ ನಡುಗು ಕಿವಿಗಿಂತ ಮೈಗೆ ಗೊತ್ತಾಗುತ್ತದೆ. ನೀನು ಆಫೀಸಿನಿಂದ ಬಂದು, ಊಟ ಮುಗಿಸಿ ಬಟ್ಟೆ ಹಾಕುತ್ತೀಯ. ಸ್ಪಿನ್ ಆಗೋದು ಸರಿಯಾಗಿ ಹನ್ನೊಂದರ ಹೊತ್ತಿಗೆ, ಅಲ್ವಾ? ಮೊದಲು ಅದರ ನಾಲ್ಕೂ ಕಾಲು ಸಮ ಕೂತಿವೆಯೇ ನೋಡು. ಮೂಲೆ ಒತ್ತಿದಾಗ ಅಲುಗಾಡಿದರೆ ಆ ಕಾಲು ತಿರುಗಿಸಿ ಸಮ ಮಾಡಿ, ನಟ್ ಬಿಗಿ ಮಾಡು. ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇಡು. ಸಾಧ್ಯವಿದ್ದರೆ ಗೋಡೆ ಅಥವಾ ಬೀಮಿನ ಹತ್ತಿರಕ್ಕೆ ಸರಿಸು, ಸ್ಲ್ಯಾಬ್ ಅಲ್ಲಿ ಗಟ್ಟಿ, ನಟ್ಟನಡುವೆ ಇಟ್ಟರೆ ಜಾಸ್ತಿ ಕುಣಿಯುತ್ತದೆ. ನೀರು ತುಂಬುವಾಗ ಪೈಪಿನಲ್ಲಿ ಟಪ್ ಅಂತ ಹೊಡೆದರೆ ಅದು ಬೇರೆ ರೋಗ. ಮಷೀನಿನ ವಾಲ್ವ್ ಗಕ್ಕನೆ ಮುಚ್ಚಿದಾಗ ಓಡುತ್ತಿದ್ದ ನೀರು ಪೈಪಿಗೆ ಗುದ್ದುತ್ತದೆ. ಅದನ್ನು ಪ್ಲಂಬರ್ ಸರಿ ಮಾಡಬೇಕು. ಪೈಪು ಮನೆಯದು, ಖರ್ಚು ಓನರದು.

ಓನರ್ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬಂದಿದ್ದು ಅವರ ಮೆಸೇಜ್ ನೋಡಿ. "ಅಡ್ಜಸ್ಟ್ ಮಾಡಿಕೊಳ್ಳಿ, ಇಲ್ಲ ಅಂದ್ರೆ ಬೇರೆ ಮನೆ ನೋಡಿಕೊಳ್ಳಿ." ಒಂದು ಮಾತೂ ವಿಚಾರಿಸಿಲ್ಲ. ಬಾಡಿಗೆಯವರು ಅಂದರೆ ಹಾಗೇ, ಇವತ್ತು ಇದ್ದು ನಾಳೆ ಹೋಗುವವರು ಅನ್ನೋ ಲೆಕ್ಕ. ನೀನು ಸೇರುವ ಮುಂಚೆ ಹಳೆ ಫ್ಲೋರಿಂಗ್ ಕಿತ್ತು ಹೊಸ ಟೈಲ್ಸ್ ಹಾಕಿಸಿದ್ದಾರೆ ಅಂತ ನೀನೇ ಹೇಳಿದ್ದೆ. ಯಜಮಾನರನ್ನು ಮೆಲ್ಲಗೆ ಕೇಳಿ ನೋಡು, ಹಿಂದಿನ ಬಾಡಿಗೆಯವರು ಇದ್ದಾಗ ಹೀಗೆ ಕೇಳಿಸುತ್ತಿತ್ತಾ ಅಂತ. ಇಲ್ಲ ಅಂದರೆ ಕಾರಣ ನಿನ್ನ ಕಾಲಲ್ಲ, ಆ ನೆಲ. ಟೈಲ್ಸ್ ಹಾಕುವಾಗ ಸ್ಲ್ಯಾಬಿಗೂ ಮೇಲಿನ ಗಾರೆಗೂ ನಡುವೆ ಮೆತ್ತನೆಯ ಪದರ ಕೊಡಬೇಕು. ಗೋಡೆಯ ಅಂಚಿನಲ್ಲೂ ಸಣ್ಣ ಸಂದು ಬಿಟ್ಟು ಮೆತ್ತನೆಯ ಪಟ್ಟಿ ತುಂಬಬೇಕು. ಆ ಸಂದಿಗೆ ಸಿಮೆಂಟು ಬಿದ್ದರೆ ಕೆಳಗೆ ಪದರ ಕೊಟ್ಟೂ ಪ್ರಯೋಜನ ಇಲ್ಲ, ಅದುರು ಅಲ್ಲಿಂದಲೇ ದಾಟುತ್ತದೆ. ಕೆಲಸದವರು ಮೊದಲು ಉಳಿಸೋದೇ ಈ ಖರ್ಚು, ಕಣ್ಣಿಗೆ ಕಾಣಲ್ಲವಲ್ಲ. ಇದನ್ನೆಲ್ಲ ಬಾಡಿಗೆಯವಳು ಸರಿಮಾಡಕ್ಕಾಗಲ್ಲ, ಸರಿಮಾಡಬೇಕಾಗಿಯೂ ಇಲ್ಲ.

ಓನರಿಗೆ ಫೋನಿನಲ್ಲಿ ಹೇಳಬೇಡ, ಬರೆದು ಕಳಿಸು. ಸಿಟ್ಟು ಬೇಡ, ದೀನತನವೂ ಬೇಡ. ಹೀಗೆ ಬರೆದರೆ ಸಾಕು:

"ಕೆಳಮನೆಯವರ ದೂರಿನ ಬಗ್ಗೆ ಅವರ ಜೊತೆ ಮಾತಾಡಿ, ಶಬ್ದ ಪರೀಕ್ಷಿಸಿ ನೋಡಿದ್ದೇನೆ. ಕುರ್ಚಿಗಳಿಗೆ ಪ್ಯಾಡ್, ಮಷೀನಿಗೆ ರಬ್ಬರ್ ಹಾಕಿಸಿದ್ದೇನೆ. ರಾತ್ರಿ ಹೊತ್ತು ಮಷೀನ್ ಹಾಕುತ್ತಿಲ್ಲ. ಮಾಮೂಲಿ ನಡೆದರೂ ಕೆಳಗೆ ಕೇಳಿಸುತ್ತಿದೆ. ಹೊಸ ಟೈಲ್ಸ್ ಕೆಳಗೆ ಶಬ್ದ ತಡೆಯುವ ಪದರ ಇದೆಯೇ, ದಯವಿಟ್ಟು ತಿಳಿಸಿ."

ಮಾಡಿದ್ದನ್ನು ಮಾತ್ರ ಬರಿ, ಮಾಡದ್ದನ್ನು ಸೇರಿಸಬೇಡ. ಕರಾರು ಪತ್ರವನ್ನು ಇನ್ನೊಂದು ಸಲ ಓದು, ಶಬ್ದದ ಬಗ್ಗೆ, ಮನೆ ಬಿಡಿಸುವ ಬಗ್ಗೆ ಏನಿದೆ ನೋಡು. ಒಂದು ದೂರು ಬಂದ ಮಾತ್ರಕ್ಕೆ ಎದ್ದು ಹೋಗಿ ಅಂತ ಅದರಲ್ಲಿ ಇರುತ್ತೆ ಅಂತ ನನಗನ್ನಿಸುವುದಿಲ್ಲ. ಯಾವ ದಿನ ಯಾವ ದೂರು ಬಂತು, ಆಗ ನೀನು ಏನು ಮಾಡುತ್ತಿದ್ದೆ, ಮನೆಯಲ್ಲಿ ಇದ್ದೆಯೋ ಇಲ್ಲವೋ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನೀನು ಮನೆಯಲ್ಲೇ ಇಲ್ಲದ ರಾತ್ರಿ ದೂರು ಬಂದರೆ ಆ ಒಂದು ಸಾಲೇ ನಿನ್ನ ಪರವಾಗಿ ಮಾತಾಡುತ್ತದೆ.

ಇಷ್ಟೆಲ್ಲ ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸುವುದು ಈಗ ಹೇಳುವುದು. ಅಮೆರಿಕದಲ್ಲಿ ಗ್ಲಾಸ್, ಸಿಂಗರ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. 1970ರ ಆಸುಪಾಸಿನ ಮಾತು. ಜನರನ್ನು ಕೂರಿಸಿ ಕರ್ಕಶ ಶಬ್ದ ಕೇಳಿಸಿದರು. ಕೆಲವರ ಕೈಗೆ ಮಾತ್ರ ಒಂದು ಬಟನ್ ಕೊಟ್ಟರು. ತೀರಾ ತಡೆಯಕ್ಕಾಗದಿದ್ದರೆ ಒತ್ತಿ, ಶಬ್ದ ನಿಲ್ಲುತ್ತೆ, ಆದರೆ ಒತ್ತದಿದ್ದರೆ ನಮಗೆ ಒಳ್ಳೆಯದು ಅಂತ ಹೇಳಿದರು. ಬಟನ್ ಇದ್ದವರು ಒತ್ತದೆಯೇ ಕೂತರು. ಎರಡೂ ಗುಂಪಿಗೆ ಕೇಳಿಸಿದ್ದು ಅಷ್ಟೇ ಶಬ್ದ. ಆಮೇಲೆ ಕೊಟ್ಟ ಕೆಲಸಗಳನ್ನು ಮಾತ್ರ ಬಟನ್ ಇದ್ದವರು ಚೆನ್ನಾಗಿ ಮಾಡಿದರು, ಇಲ್ಲದವರು ಬೇಗ ಕೈಚೆಲ್ಲಿದರು. ಶಬ್ದಕ್ಕಿಂತ ಹೆಚ್ಚಾಗಿ ಕಾಡೋದು, ಇದನ್ನು ನಿಲ್ಲಿಸೋದು ನನ್ನ ಕೈಯಲ್ಲಿಲ್ಲ ಅನ್ನೋದು.

ಕೆಳಮನೆಯ ಯಜಮಾನರ ಕೈಯಲ್ಲಿ ಈಗ ಯಾವ ಬಟನ್ನೂ ಇಲ್ಲ. ಹಾಸಿಗೆಯಲ್ಲಿ ಮಲಗಿ ಇನ್ನೊಂದು ಧಡ್ ಯಾವಾಗ ಅಂತ ಕಾಯುತ್ತಾರೆ. ಕಾದಷ್ಟೂ ಕಿವಿ ಚುರುಕಾಗುತ್ತದೆ. ಅವರಿಗೆ ಒಂದು ಬಟನ್ ಕೊಡು. ನಿನ್ನ ನಂಬರ್ ಕೊಟ್ಟು, "ರಾತ್ರಿ ತೊಂದರೆಯಾದರೆ ಒಂದು ಮೆಸೇಜ್ ಹಾಕಿ ಸರ್, ಆಗಲೇ ನೋಡ್ತೀನಿ" ಅನ್ನು. ಫ್ರೆಂಡ್ಸ್ ಬರುವ ದಿನ ಮೊದಲೇ ತಿಳಿಸು, ಎಷ್ಟು ಗಂಟೆಗೆ ಮುಗಿಯುತ್ತೆ ಅಂತಲೂ ಹೇಳು, ಹೇಳಿದ ಹೊತ್ತಿಗೆ ಮುಗಿಸು. ಮೊದಲ ವಾರ ಮೆಸೇಜು ಜಾಸ್ತಿ ಬರಬಹುದು. ಆಮೇಲೆ ಕಡಿಮೆಯಾಗುತ್ತೆ ಅಂತ ನನ್ನ ಅಂದಾಜು.

ಕಡಿಮೆಯಾಗದಿದ್ದರೆ, ಅಥವಾ ಮೆಸೇಜಿನ ಧಾಟಿ ಬೇರೆಯಾದರೆ, ಕೋಲಿನಿಂದ ಸೂರು ಗುದ್ದೋದು, ಮೆಟ್ಟಿಲಲ್ಲಿ ಅಡ್ಡಗಟ್ಟೋದು, ನಿನ್ನ ಬರುಹೋಗು ಲೆಕ್ಕ ಇಡೋದು ಶುರುವಾದರೆ, ಉತ್ತರ ಕೊಡೋದು ನಿಲ್ಲಿಸು. ಅದು ಶಬ್ದದ ವಿಷಯ ಅಲ್ಲ. ಎಲ್ಲವನ್ನೂ ಉಳಿಸಿಟ್ಟುಕೊಂಡು ಓನರಿಗೂ ಅಸೋಸಿಯೇಷನ್ನಿಗೂ ಬರೆದು ತಿಳಿಸು. ಹೆದರಿಕೆ ಅನ್ನಿಸಿದರೆ ಪೊಲೀಸರಿಗೆ ಹೇಳು, ನನಗೆ ಆಮೇಲೆ ಹೇಳಿದರೂ ಆಯಿತು.

ಮನೆಯೊಳಗೆ ತುದಿಗಾಲಲ್ಲಿ ನಡೆಯುತ್ತಿದ್ದೇನೆ, ಮೀನಖಂಡ ನೋಯುತ್ತಿದೆ ಅಂತ ಬರೆದಿದ್ದೀಯ. ಅದನ್ನು ಇವತ್ತೇ ಬಿಡು. ಚಪ್ಪಲಿ ಹಾಕಿಕೊಂಡು ಮಾಮೂಲಿಯಾಗಿ ನಡಿ. ಫ್ರೆಂಡ್ಸನ್ನು ಕರೆಯೋದು ನಿಲ್ಲಿಸಿದ್ದೀಯಂತೆ, ಅದೂ ಬೇಡ.

ನಿಮ್ಮಮ್ಮ ಮನೆ ಖಾಲಿ ಮಾಡಿ ಬಂದುಬಿಡು ಅನ್ನುತ್ತಿದ್ದಾಳೆ. ನಾನು ಇನ್ನೂ ಒಪ್ಪಿಲ್ಲ. ಬಿಡುವುದಾದರೆ ನೆಲದ ವಿಷಯಕ್ಕೆ ಓನರ್ ಏನು ಉತ್ತರ ಕೊಡುತ್ತಾರೆ ನೋಡಿಕೊಂಡು ಬಿಡೋಣ. ಶನಿವಾರದ ಪರೀಕ್ಷೆ ಆದ ಮೇಲೆ ಫೋನ್ ಮಾಡು. ಕರಾರು ಪತ್ರದ ಎಲ್ಲಾ ಪುಟಗಳ ಫೋಟೊ ಕಳಿಸು, ಹಿಂಬದಿಯದೂ ಸೇರಿಸಿ. ಮಷೀನಿನ ಕಾಲಿನ ಅಗಲ ಎಷ್ಟು ಅಂತ ಅಳೆದು ಹೇಳಿದರೆ ಸರಿಯಾದ ರಬ್ಬರ್ ಪ್ಯಾಡ್ ನಾನೇ ಹುಡುಕಿ ಕಳಿಸುತ್ತೇನೆ. ನೀನು ತರುವುದು ಯಾವಾಗಲೂ ಸಣ್ಣದಾಗುತ್ತೆ.

ನಿನ್ನ
ಅಪ್ಪ